ಸೀರೆಯ ಮಾತು ಹೇಳಲು ಗುಂಡ್ಲುಪೇಟೆಗೆ

ಕಳೆದ ಸೋಮವಾರ ಚಾಮರಾಜನಗರದಲ್ಲಿ ಎಂಟೂವರೆಯ ಬಸ್ಸು ಹತ್ತಿದೆ. ತೆರಕಣಾಂಬಿಯ ಮೇಲೆ ಗುಂಡ್ಲುಪೇಟೆಗೆ ಒಂದು ಗಂಟೆಯ ದಾರಿ. ಬಸ್ಸಿನ ತುಂಬ ಹೆಂಗಸರು. "ದುಡ್ಡು ಕೊಡೋ ಗಿರಾಕಿ ನೀವೊಬ್ರೇ ಕಣ್ ತಾತ, ಚಿಲ್ರೆ ಕೊಡಿ" ಎಂದು ಕಂಡಕ್ಟರ್ ನಕ್ಕ. ನನಗೆ ನಗು ಬರಲಿಲ್ಲ.

ಮೂವತ್ತು ವರ್ಷ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸಿ ಹಾರ್ಮೋನಿಯಂ ನುಡಿಸಿದವನು ನಾನು. ಗಂಡುಪಾತ್ರಗಳನ್ನು ಊರವರೇ ಮಾಡುತ್ತಿದ್ದರು. ದ್ರೌಪದಿಗೆ ಗುಂಡ್ಲುಪೇಟೆಯಿಂದ ರತ್ನಮ್ಮ ಬರಬೇಕು. ಹದಿನಾರಕ್ಕೇ ಬಣ್ಣ ಹಚ್ಚಿದವಳು. ಮೈಕು ಕೆಟ್ಟರೂ ಅವಳ ಹಾಡು ಕೊನೆಯ ಸಾಲಿಗೆ ಕೇಳುತ್ತಿತ್ತು.

ಬೇಗೂರು ಕಡೆಯ ಒಂದು ನಾಟಕದಲ್ಲಿ ಕಲ್ಲುಕ್ವಾರಿಯ ಯಜಮಾನರೊಬ್ಬರು ರಂಗ ಹತ್ತಿ ಅವಳಿಗೆ ರೇಷ್ಮೆ ಸೀರೆ ಕೊಟ್ಟರು. ರಂಗದ ಮೇಲೆ ಕೊಟ್ಟದ್ದನ್ನು ಬೇಡ ಎನ್ನುವಂತಿಲ್ಲ. ಕಲಾವಿದರು ಕಣ್ಣಿಗೊತ್ತಿಕೊಳ್ಳಬೇಕು, ಮೇಷ್ಟ್ರು ಕೊಟ್ಟವರ ಹೆಸರು ಕೂಗಬೇಕು. ಅವಳು ಒತ್ತಿಕೊಂಡಳು, ನಾನು ಕೂಗಿದೆ. ನಾಟಕ ಮುಗಿದ ಮೇಲೆ, "ಆ ಮನ್ಸನ ನೋಟ ಸರಿಯಿಲ್ಲ ಮೇಷ್ಟ್ರೆ, ಇದ್ನ ವಾಪಸ್ ಕೊಟ್ಬುಡಿ" ಎಂದು ಸೀರೆಯನ್ನು ನನ್ನ ಕೈಗಿಟ್ಟಳು. ಯಜಮಾನರ ಗೇಟಿನವರೆಗೂ ಹೋದೆ. ಹೆದರಿ ಹಿಂತಿರುಗಿದೆ, ಅವಳಿಗೆ ಹೇಳಲಿಲ್ಲ. ಮಗಳ ಮದುವೆಗೆ ಅದನ್ನೇ ಉಡಿಸಿದೆ.

ಮುಂದೆ ಗುಂಡ್ಲುಪೇಟೆಯ ಅಂಚಿನ ಅವರ ಕ್ವಾರಿಯಿಂದ ಸಿಡಿದ ಕಲ್ಲು ರತ್ನಮ್ಮನ ಪಕ್ಕದ ಮನೆಯ ಹೆಂಗಸಿನ ಕಾಲು ಮುರಿಯಿತು. ರತ್ನಮ್ಮ ನಾಟಕ ಬಿಟ್ಟಳು. ಅದೇ ಗಂಟಲಿನಿಂದ ಸಂತೆಗಳಲ್ಲಿ ಮಾತಾಡಿ ಜನ ಸೇರಿಸಿದಳು, ಲಾರಿಗಳ ಮುಂದೆ ಕೂತಳು. ಯಜಮಾನರು ಒಂದೇ ಮಾತು ಹಬ್ಬಿಸಿದರು: ನನ್ನ ಸೀರೆ ಇಟ್ಟುಕೊಂಡವಳು, ಇನ್ನೂ ಬೇಕೆಂದು ಕೂಗುತ್ತಾಳೆ. ವಾಪಸ್ ಕಳಿಸಿದೆ ಎಂದು ಅವಳು ಹೇಳಿದರೆ ಯಾರೂ ನಂಬಲಿಲ್ಲ. ಜನ ಒಬ್ಬೊಬ್ಬರಾಗಿ ಅವಳನ್ನು ಬಿಟ್ಟರು. ನಾನು ಬಾಯಿ ಬಿಡಲಿಲ್ಲ. ನಾನು ಬಸ್ಸು ಹತ್ತಿದ ಆ ಸೋಮವಾರ ಗುಂಡ್ಲುಪೇಟೆಯ ತಾಲ್ಲೂಕು ಕಚೇರಿಯಲ್ಲಿ ಕ್ವಾರಿಯ ಬಗ್ಗೆ ಅಹವಾಲು ಕೇಳುವ ಸಭೆ ಇತ್ತು.

ತೆರಕಣಾಂಬಿಯಲ್ಲಿ ಇಳಿದು ಹಿಂದಿರುಗೋಣ ಎನಿಸಿತು. ಏಳುವಷ್ಟರಲ್ಲಿ ಬಸ್ಸು ಹೊರಟಿತು.

ಗುಂಡ್ಲುಪೇಟೆಯಲ್ಲಿ ಇಳಿದು ಕಚೇರಿಗೆ ನಡೆದೆ. ಕಚೇರಿಯ ಮುಂದೆ ಯಜಮಾನರ ಕಡೆಯ ಏಳೆಂಟು ಜನ ಬೈಕುಗಳ ಮೇಲೆ ಕೂತಿದ್ದರು. ಹೊಂಗೆ ಮರದಡಿ ರತ್ನಮ್ಮ ಒಬ್ಬಳೇ ನಿಂತಿದ್ದಳು. ಕೂದಲು ಪೂರ್ತಿ ನೆರೆತಿತ್ತು. ಸೀರೆಯ ವಿಷಯವನ್ನೆಲ್ಲ ಹೇಳಿದೆ.

"ಮಗಳ್ಗೆ ಒಪ್ತಿತ್ತಾ ಮೇಷ್ಟ್ರೆ?" ಎಂದಳು.

"ಒಪ್ಪಿತ್ತು ಕಣವ್ವ."

"ನಂಗ್ ಯೋಳಿ ಏನ್ ಬಂತು? ಒಳಗ್ ಓಗಿ ಯೋಳಿ. ಇಂದ್ಗಡೆ ಕುಂತೋರ್ಗೂ ಕೇಳ್ಬೇಕು."

ಒಳಗೆ ಎದ್ದು ನಿಂತು ಹೇಳಿದೆ. "ಕೂತ್ಕಳಲೇ ಸೀರೆಗಳ್ಳ" ಎಂದು ಹಿಂದಿನಿಂದ ಯಾರೋ ಅಂದರು, ಕೆಲವರು ನಕ್ಕರು. "ಹೌದು, ನಾನೇ" ಎಂದೆ. ಗುಮಾಸ್ತ ಬರೆದುಕೊಂಡ. ಬಾಗಿಲ ಬಳಿ ನಿಂತಿದ್ದ ಇಬ್ಬರು ಹೆಂಗಸರು ಬಂದು ರತ್ನಮ್ಮನ ಬೆಂಚಿನಲ್ಲಿ ಕೂತರು. ಅವಳು ನನ್ನ ಕಡೆ ನೋಡಲಿಲ್ಲ.

ಎರಡು ಗಂಟೆಯ ಬಸ್ಸಿಗೆ ವಾಪಸ್ ಹೊರಟೆ. ಬೈಕಿನವರಲ್ಲಿ ಒಬ್ಬ ಬಂದು ನನ್ನ ಪಕ್ಕದಲ್ಲೇ ಕೂತ. ತೆರಕಣಾಂಬಿ ದಾಟಿದ ಮೇಲೆ ಮೆಲ್ಲಗೆ, "ಮನೆ ಎಲ್ ಬತ್ತದೆ ತಾತ?" ಎಂದ.

ಬೇರೆ ಯಾವುದೋ ಬೀದಿಯ ಹೆಸರು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿ ನಮ್ಮ ಬೀದಿಯನ್ನೇ ಹೇಳಿದೆ. ಬಾಗಿಲಿನ ಬಣ್ಣವನ್ನೂ ಹೇಳಿದೆ.