ಮುಸವ್ವಿರನ ಮೂರು ಪುಟದ ಕೊಟೇಶನ್

ಎನ್.ಆರ್.ಪುರದ ಮೇಸ್ತ್ರಿ ಮುಸವ್ವಿರ್ ಕಟ್ಟಿದ ಕಟ್ಟಡಗಳಿಗಿಂತ ಕೈತಪ್ಪಿ ಹೋದವೇ ಜಾಸ್ತಿ. ಹಾಗಂತ ಅವನನ್ನು ಯಾರೂ ಮರೆತಿರಲಿಲ್ಲ. ಸಂಘ-ಸಂಸ್ಥೆಗಳು ಏನು ಕಟ್ಟಿಸುವುದಿದ್ದರೂ ಮೂವರಿಂದ ಕೊಟೇಶನ್ ತರಿಸಿ, ಕಡಿಮೆ ಬರೆದವನಿಗೆ ಕೆಲಸ ಕೊಡಬೇಕಲ್ಲ! ಮುಸವ್ವಿರನದು ಹೆಚ್ಚೇ ಇರುತ್ತದೆ ಎಂಬ ಭರವಸೆ ಮೂರು ತಾಲ್ಲೂಕಿಗೂ ಇತ್ತು.

"ಮದುವೆ ಫೋಟೋದಲ್ಲಿ ಹಿಂದೆ ನಿಲ್ಲೋಕೆ ಕರೀತಾರಲ್ಲ, ಹಂಗೆ ನಿಮ್ಮನ್ನ ಕರೆಯೋದು" ಎನ್ನುತ್ತಿದ್ದಳು ಹೆಂಡತಿ ಸಾಜಿಯಾ.

ಅವನ ಕಾಯಿಲೆ ಇಷ್ಟೇ: ಬೇಕಾದದ್ದನ್ನೆಲ್ಲ ಬರೆದುಬಿಡುತ್ತಿದ್ದ. ತಾರಸಿಗೆ ಇಳಿಜಾರು, ನೀರಿಳಿಯಲು ಪೈಪು, ಕಿಟಕಿಗೆ ಸಜ್ಜಾ, ಎಲ್ಲವೂ ದರಸಮೇತ.

ಹಿರೇಕೊಡಿಗೆ ಕಡೆಯ ಒಂದು ಮಹಿಳಾ ಸಂಘಕ್ಕೆ ಹೊಲಿಗೆ ತರಬೇತಿಯ ಹಾಲ್ ಬೇಕಿತ್ತು. ಅಧ್ಯಕ್ಷೆ ಕಮಲಕ್ಕ ಮೂರು ಲಕೋಟೆ ಒಡೆದರು. ಕೊಪ್ಪದ ನವೀನ ಎಂಬ ಹೊಸ ಕಂಟ್ರಾಕ್ಟರು ಅರ್ಧ ಪುಟ ಬರೆದಿದ್ದ. ಮುಸವ್ವಿರನಿಗಿಂತ ಎರಡು ಲಕ್ಷ ಕಡಿಮೆ.

ಕಮಲಕ್ಕ ಮುಸವ್ವಿರನ ಹಾಳೆಗಳನ್ನು ಬೀಸಣಿಗೆಯಂತೆ ಆಡಿಸಿದರು. "ಇದೆಂತ ಮಾರಾಯ, ಕಟ್ಟಡನಾ ಕಾದಂಬರಿನಾ? ಮೆಟ್ಟಿಲಿಗೂ ದುಡ್ಡು ಹಾಕಿದೀಯಲ್ಲ!"

"ಮೆಟ್ಟಿಲು ಬೇಡ್ವಾ ಅಕ್ಕ?"

"ಅದೆಲ್ಲ ಕಟ್ಟಡದ ಜೊತೆಗೇ ಬತ್ತದೆ ಬಿಡು."

ಬರಲಿಲ್ಲ. ಜಾಗ ಇಳಿಜಾರಿನದು, ಹಾಲ್‌ನ ನೆಲ ಬಾಗಿಲ ಬಳಿ ನಾಲ್ಕಡಿ ಎತ್ತರದಲ್ಲಿ ನಿಂತಿತು. ಉದ್ಘಾಟನೆಯ ದಿನ ಮುಖ್ಯ ಅತಿಥಿಯಾಗಿ ಬಂದ ನಿವೃತ್ತ ಹೆಡ್‌ಮಾಸ್ಟರರನ್ನು ಬೆಂಚಿನ ಮೇಲೆ ಸ್ಟೂಲಿಟ್ಟು ಹತ್ತಿಸಿದರು. ಮೇಲಿಂದ ಇಬ್ಬರು ಹೆಂಗಸರು ಎಳೆದರು. ಅಷ್ಟರಲ್ಲಿ ಪಂಚೆ ಮೊಳೆಗೆ ಸಿಕ್ಕಿತು. ಅವರು ಒಂದು ಕೈಲಿ ಪಂಚೆ ಹಿಡಿದುಕೊಂಡೇ ಇನ್ನೊಂದು ಕೈಲಿ ಟೇಪು ಕತ್ತರಿಸಿದರು.

ಜೂನ್ ಬಂತು. ಕೇರಂ ಬೋರ್ಡಿನಷ್ಟು ಸಪಾಟಾಗಿದ್ದ ತಾರಸಿಯಲ್ಲಿ ನೀರು ನಿಂತು, ಹೊರಗೆ ಮಳೆ ಬಿಟ್ಟ ಮೇಲೂ ಒಳಗೆ ಎರಡು ದಿನ ಸುರಿಯಿತು. ಹೆಂಗಸರು ಕೊಡೆ ಬಿಡಿಸಿಕೊಂಡು ಹೊಲಿದರು. ಕಡೆಗೆ ಕಮಲಕ್ಕ ಮುಸವ್ವಿರನಿಗೆ ಫೋನ್ ಮಾಡಿದರು.

ಸುಳ್ಳೇಕೆ, ಅವನಿಗೆ ಖುಷಿಯೇ ಆಯಿತು. ಅಂಗಿಗೆ ಇಸ್ತ್ರಿ ಹಾಕಿಕೊಂಡ. "ಹಲ್ಲು ಕಿಸಿಬೇಡಿ, ಸಾವಿನ ಮನೆಗೆ ಹೋದ ಹಾಗೆ ಹೋಗಿ" ಎಂದಳು ಸಾಜಿಯಾ. ಏನೇನು ಅನ್ನಬೇಕೆಂದು ದಾರಿಯುದ್ದಕ್ಕೂ ಬೈಕಿನ ಮೇಲೆ ಅಭ್ಯಾಸ ಮಾಡಿದ. ಹೋಗಿ ನೋಡಿದರೆ ನವೀನ ಪ್ಯಾಂಟು ಮಡಚಿ, ತಾರಸಿಯ ಮೇಲೆ ಪೊರಕೆಯಿಂದ ನೀರು ನೂಕುತ್ತಿದ್ದ.

"ಇಳಿಜಾರು ಯಾಕೆ ಕೊಡ್ಲಿಲ್ಲ ಮಾರಾಯ?"

"ಇಳಿಜಾರು ಬರ್ದಿದ್ರೆ ಕೆಲ್ಸ ನಂಗೆಲ್ಲಿ ಸಿಗ್ತಿತ್ತು?" ನವೀನ ತಲೆ ಎತ್ತಲಿಲ್ಲ. "ಅಷ್ಟು ಕಡಿಮೆ ಬರ್ದು ನಾನೇ ಮುಳುಗಿದೆ. ನನ್ನ ಕಾಂಕ್ರೀಟ್ ಮಿಕ್ಸರ್ ಮಾರ್ಬಿಟ್ಟೆ."

ಅಭ್ಯಾಸ ಮಾಡಿಕೊಂಡು ಬಂದ ಮಾತೆಲ್ಲ ಬಿಟ್ಟು ಮುಸವ್ವಿರ್ ಇಸ್ತ್ರಿ ಅಂಗಿಯ ತೋಳು ಮಡಚಿ, ಇನ್ನೊಂದು ಪೊರಕೆ ಎತ್ತಿಕೊಂಡ.

ಕೆಳಗಿಳಿದಾಗ ಕಮಲಕ್ಕ ಎಂದರು, "ರಿಪೇರಿಗೊಂದು ಕೊಟೇಶನ್ ಕೊಡು. ಇನ್ನಿಬ್ರ ಹತ್ರಾನೂ ಕೇಳ್ತೀವಿ."

ಮುಸವ್ವಿರನಿಗೆ ಮೈಯೆಲ್ಲ ಉರಿಯಿತು. "ಕೇಳಿ ಅಕ್ಕ. ಆದ್ರೆ ಎಷ್ಟು ಬರ್ದಿದಾರೆ ಅಂತ ಮಾತ್ರ ನೋಡ್ಬೇಡಿ. ಎಂತೆಂತ ಬರ್ದಿಲ್ಲ ಅಂತಾನೂ ನೋಡಿ. ನನ್ನ ಹಳೇ ಹಾಳೆ ಇದ್ರೆ ಒಂದ್ಸಲ ಪೂರ್ತಿ ಓದಿ, ಸಾಕು."

ಮುಂದಿನ ಸಭೆಯಲ್ಲಿ ಕಮಲಕ್ಕ ಕನ್ನಡಕ ಹಾಕಿಕೊಂಡು ಮೂರೂ ಪುಟ ಗಟ್ಟಿಯಾಗಿ ಓದಿದರು. ಮೊದಲ ಪುಟಕ್ಕೇ ಇಬ್ಬರು ತೂಕಡಿಸಿದರು. ಮೆಟ್ಟಿಲಿನ ಸಾಲು ಬಂದಾಗ ಮಾತ್ರ ಎಲ್ಲರಿಗೂ ಎಚ್ಚರವಿತ್ತು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ರಿಪೇರಿ ಮುಸವ್ವಿರನಿಗೇ ಸಿಕ್ಕಿತು. ನವೀನನನ್ನೂ ಜೊತೆಗೆ ಹಾಕಿಕೊಂಡ. ಎಲ್ಲ ಮುಗಿದಾಗ ಹಾಲ್‌ಗೆ ಒಟ್ಟು ತಗುಲಿದ್ದು ಮುಸವ್ವಿರ್ ಮೊದಲು ಬರೆದಿದ್ದಕ್ಕಿಂತ ಹೆಚ್ಚೇ. ಕಮಲಕ್ಕ ವಾರ್ಷಿಕ ವರದಿಯಲ್ಲಿ ಅದನ್ನು 'ಪ್ರಕೃತಿ ವಿಕೋಪ' ಎಂದು ಬರೆಸಿದರು.

ನವೆಂಬರಿನಲ್ಲಿ ಕೊಪ್ಪದ ಒಂದು ಕಾಂಪೌಂಡ್ ಗೋಡೆಗೆ ಇಬ್ಬರೂ ಕೊಟೇಶನ್ ಹಾಕಿದರು. ನವೀನ ಈ ಸಲ ಎರಡು ಪುಟ ಬರೆದಿದ್ದ. ಕೆಲಸ ಸಿಕ್ಕಿದ್ದು ನಾಲ್ಕೇ ಸಾಲು ಬರೆದ ಮೂರನೆಯವನಿಗೆ. ಗೋಡೆ ಎದ್ದ ಮೇಲೆ ಇಬ್ಬರೂ ನೋಡಲು ಹೋದರು.

"ಪಾಯ ಎಷ್ಟು ತೆಗ್ದಿರಬಹುದು?" ಎಂದು ಬಗ್ಗಿದ ಮುಸವ್ವಿರ್.

"ಅಷ್ಟು ಹತ್ರ ಹೋಗ್ಬೇಡಿ ಮಾರಾಯ್ರೆ" ಎಂದು ನವೀನ ತೋಳು ಹಿಡಿದೆಳೆದ.

ಇಬ್ಬರೂ ರಸ್ತೆಯ ಆಚೆ ಬದಿಗೆ ಹೋಗಿ ಟೀ ಕುಡಿದರು.