ಮಾಯವಾದವಳಿಗೆ ನಾನು ಬರೆದ ಸಾವು

ನೀವು ಹಾಡುವ ಪಾಡ್ದನದ ಹುಡುಗಿಯನ್ನು ಕೊಂದದ್ದು ನಾನು, ಗಿರಿಜಕ್ಕ. ಅವಳು ಸತ್ತಳೆಂದು ಯಾರೂ ಹಾಡಿರಲಿಲ್ಲ. ಎಲ್ಲರೆದುರು ನೀವು ಕೇಳಿದಾಗಲೂ ನಾನು ಒಪ್ಪಿಕೊಳ್ಳಲಿಲ್ಲ — ಇವತ್ತು ಒಪ್ಪಿಕೊಳ್ಳುತ್ತೇನೆ.

ಅಮ್ಮ ತೀರಿಕೊಂಡ ಮೇಲೆ ಮಣಿಪಾಲದ ಮನೆಯಲ್ಲಿ ನನ್ನ ಜೊತೆ ಮಾತಾಡುವವರು ಯಾರೂ ಉಳಿದಿರಲಿಲ್ಲ. ನಾನು ಕಲಿಸುವ ಶಾಲೆಗೆ ರಜೆ ಸಿಕ್ಕಿದರೆ ಸಾಕು, ಬಸ್ಸು ಹಿಡಿದು ಎಲ್ಲೂರಿಗೆ ಬರುತ್ತಿದ್ದೆ. ನೀವು ಗದ್ದೆಯಲ್ಲಿ ಬಗ್ಗಿ ಭತ್ತದ ನೇಜಿ ನೆಡುತ್ತಾ ಹಾಡುತ್ತಿದ್ದಿರಿ, ಉಳಿದ ಹೆಂಗಸರು ಸೊಲ್ಲು ಎತ್ತಿಕೊಳ್ಳುತ್ತಿದ್ದರು, ನಾನು ಬದುವಿನ ಮೇಲೆ ಕುಳಿತು ಕೇಳುತ್ತಿದ್ದೆ. ಆ ಹಾಡಿನಲ್ಲಿ, ಅಣ್ಣಂದಿರು ಮಾಡಿದ ಅವಮಾನ ತಾಳಲಾರದೆ ಗದ್ದೆಗೆ ಇಳಿದ ಹುಡುಗಿ ಅಲ್ಲೇ ಮಾಯವಾಗುತ್ತಾಳೆ. ಸಾಯುವುದಿಲ್ಲ — ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ, ಅಲ್ಲೇ ಇರುತ್ತಾಳೆ. ಅಮ್ಮನೂ ಹಾಗೇ ಎಲ್ಲೋ ಇದ್ದಾರೆ ಅಂದುಕೊಂಡು ಮನೆಗೆ ಮರಳುತ್ತಿದ್ದೆ.

ಆ ಹಾಡಿನಿಂದಲೇ ನನ್ನ ಕಾದಂಬರಿಯ ಮಾಯಾರಾಜ್ಯ ಹುಟ್ಟಿತು. ಪುಸ್ತಕದ ಕೊನೆಗೆ ಆ ರಾಜ್ಯದ ಕಾಲಾನುಕ್ರಮ ಕೊಡಬೇಕೆಂಬ ಹುಚ್ಚು ನನ್ನದೇ. ರಾಜರಿಗೆಲ್ಲ ಹುಟ್ಟಿದ ವರ್ಷ, ಸತ್ತ ವರ್ಷ ಹಾಕಿದೆ. ಮಾಯವಾದವಳಿಗೆ ಯಾವ ವರ್ಷ ಹಾಕುವುದು? ಅವಳ ಕಾಲ ಮುಗಿಯದೆ ಮುಂದಿನ ಯುಗ ಶುರುವಾಗುತ್ತಿರಲಿಲ್ಲ. 'ಮರಣ' ಎಂದು ಬರೆದೆ. ಕಥೆಗಾದರೆ ಅದು ಅಷ್ಟು ದೊಡ್ಡ ತಪ್ಪಲ್ಲ. ಆದರೆ ಗಿರಿಜಕ್ಕ ಹಾಡಿದ್ದನ್ನು ಒಂದಿಷ್ಟೂ ಬದಲಿಸಿಲ್ಲ ಎಂದು ಮುನ್ನುಡಿಯಲ್ಲಿ ಬರೆದೆನಲ್ಲ — ಪುಸ್ತಕಕ್ಕೆ ತೂಕ ಬರಲಿ ಎಂದು — ಅದು ಶುದ್ಧ ಸುಳ್ಳು.

ಕಾಪುವಿನಲ್ಲಿ ಓದುಗರು ನಮ್ಮಿಬ್ಬರನ್ನೂ ಕರೆದಿದ್ದ ದಿನ ನೀವು ಹಾಡಿದಿರಿ. ಹುಡುಗಿ ಮಾಯವಾಗುವಲ್ಲಿಗೆ ಬಂದಾಗ ನಿಮ್ಮ ಮೊಮ್ಮಗಳು ಶ್ರಾವ್ಯಾ, "ಅಜ್ಜಿ, ಅವಳು ಸಾಯುವುದಲ್ವಾ, ಪುಸ್ತಕದಲ್ಲಿ ಹಾಗೇ ಉಂಟಲ್ಲ" ಎಂದಳು. ಯಾರೋ ನಕ್ಕರು. ನೀವು ಹಾಡು ನಿಲ್ಲಿಸಿ ನನ್ನ ಕಡೆ ತಿರುಗಿದಿರಿ.

"ಹೌದಾ ಟೀಚರೇ? ನಾನು ಹಾಡುವುದು ತಪ್ಪಾ?"

"ಒಂದೊಂದು ಊರಿನಲ್ಲಿ ಒಂದೊಂದು ರೀತಿ ಉಂಟು, ಗಿರಿಜಕ್ಕ," ಎಂದೆ.

ಯಾವ ಊರು? ನಿಮ್ಮ ಬಾಯಿಂದಲ್ಲದೆ ಆ ಹಾಡನ್ನು ನಾನು ಬೇರೆಲ್ಲೂ ಕೇಳಿಯೇ ಇರಲಿಲ್ಲ. ಓದಿದವಳು ಹೇಳಿದಳೆಂದು ನೀವು ನಂಬಿದಿರಿ, ತಲೆಯಾಡಿಸಿ ಕುಳಿತುಬಿಟ್ಟಿರಿ. ಛೆ, ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಎದುರಿಗೆ ಅಷ್ಟು ಜನ, ನನ್ನ ಮರ್ಯಾದೆ —

ನಾಟಿ ಮುಗಿಯಿತೆಂದು ಮೊನ್ನೆ ಶ್ರಾವ್ಯಾ ಫೋನಿನಲ್ಲಿ ಹೇಳಿದಳು. ನೀವು ಹಾಡಲೇ ಇಲ್ಲವಂತೆ. ಮೊದಲ ಹಿಡಿ ನೇಜಿಯನ್ನು ಆ ಹುಡುಗಿಯ ಪಾಲೆಂದು ಗದ್ದೆಯ ಮೂಲೆಯಲ್ಲಿ ನೆಡುವ ನಿಮ್ಮ ಮನೆಯ ಕ್ರಮವನ್ನೂ ಬಿಟ್ಟಿರಂತೆ. ಯಾಕೆಂದು ಕೇಳಿದರೆ, "ಸತ್ತವಳಿಗೆ ಎಂತಕ್ಕೆ?" ಎಂದಿರಂತೆ.

ಎಷ್ಟೋ ತಲೆಮಾರಿನಿಂದ ನಿಮ್ಮ ಗದ್ದೆಯಲ್ಲಿ ಇದ್ದವಳು. ಈಗ ಅಲ್ಲಿ ನಿಮಗೆ ಯಾರೂ ಇಲ್ಲ. ಶ್ರಾವ್ಯಾಳಿಗೆ ಆಗಲೇ ನಿಜ ಹೇಳಿದೆ. ಅವಳು ಫೋನ್ ಇಟ್ಟುಬಿಟ್ಟಳು. ನಾಳೆ ಬರುತ್ತೇನೆ, ಗಿರಿಜಕ್ಕ. ನಿಮ್ಮ ಜೊತೆ ಸೊಲ್ಲು ಎತ್ತುವ ಹೆಂಗಸರೆಲ್ಲರ ಎದುರು, ನೀವು ಹಾಡಿದ್ದೇ ಸರಿ, ನಾನೇ ಸುಳ್ಳು ಹೇಳಿದ್ದು ಎನ್ನುತ್ತೇನೆ. ನೀವು ನಂಬುತ್ತೀರೋ ಇಲ್ಲವೋ ಗೊತ್ತಿಲ್ಲ. ಅವತ್ತು ನಂಬಿದ್ದಿರಿ.