ಸರೋಜಳ ಕ್ಯಾಸೆಟ್ಟು

ಸರೋಜಳ ಹಾಡನ್ನು ಅಳಿಸಿದವಳು ನಾನು. ಖಲೀಲ್ ಸಾಬರಲ್ಲ.

ಮಕ್ಕಳೇ, ಇಷ್ಟು ಬರೆಯುವುದಕ್ಕೆ ನನಗೆ ಮೂವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ನಾಲ್ಕು ಜನ ಕೂತ ಕಡೆ ನಿಮ್ಮ ಅಜ್ಜಿಯ ದನಿ ಏಳುವುದಿಲ್ಲ, ನಿಮಗೇ ಗೊತ್ತು. ಅದಕ್ಕೇ ಬರೆದಿಡುತ್ತಿದ್ದೇನೆ. ಏಳನೇ ಕ್ಲಾಸಿನ ಅಕ್ಷರ, ಸಹಿಸಿಕೊಳ್ಳಿ.

ಹೋದ ತಿಂಗಳು ಗೃಹಪ್ರವೇಶದ ದಿನ ಕಾವ್ಯ ನನ್ನ ಟ್ರಂಕಿನಿಂದ ಆ ಕ್ಯಾಸೆಟ್ಟು ತೆಗೆದು, "ಇದೇ ಕಣ್ರೋ ಸರೋಜಜ್ಜಿ ಹಾಡಿದ್ದು. ತಿಪಟೂರಲ್ಲಿ ಯಾವನೋ ರಿಪೇರಿ ಸಾಬು ಅಳಿಸಾಕ್ಬುಟ್ನಂತೆ" ಅಂದಳು. "ಟೇಪು ರಿಪೇರಿಗೆ ಕೊಟ್ರೆ ಹಾಡನ್ನೇ ರಿಪೇರಿ ಮಾಡವ್ನೆ ಬುಡು" ಅಂತ ಯಾರೋ ಅಂದರು. ನೀವೆಲ್ಲ ನಕ್ಕಿರಿ. ನಾನು ಪಾಯಸದ ಪಾತ್ರೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ನನ್ನ ಸುಳ್ಳು ನಿಮ್ಮ ಬಾಯಿಗೂ ಬಂದಿತ್ತು.

ಸರೋಜ ನಿಮ್ಮ ತಾತನ ತಂಗಿ, ನನ್ನ ನಾದಿನಿ. ನಾನು ನೊಣವಿನಕೆರೆಗೆ ಸೊಸೆಯಾಗಿ ಬಂದಾಗ ಇನ್ನೂ ಲಂಗ ಹಾಕುತ್ತಿದ್ದಳು, ಅವಳ ಜಡೆ ಹಾಕುತ್ತಿದ್ದವಳು ನಾನೇ. ಊರಲ್ಲಿ ಯಾರ ಮನೆ ಮದುವೆಯಾದರೂ ಸೋಬಾನೆಗೆ ಅವಳನ್ನೇ ಕರೆಯುತ್ತಿದ್ದರು. ನಿಮ್ಮ ತಾತ ಟೇಪ್ ರೆಕಾರ್ಡರ್ ತಂದ ಹೊಸದರಲ್ಲಿ ಒಂದು ಮಧ್ಯಾಹ್ನ ನಡುಮನೆಯಲ್ಲಿ ಕೂರಿಸಿ ಹಾಡಿಸಿದೆ. ಶುರುವಿನಲ್ಲೇ ಅವಳು ನನ್ನನ್ನು ಕೇಳುತ್ತಾಳೆ — "ಅತ್ತಿಗೆ, ಶುರು ಮಾಡ್ಲಾ?" ಆಮೇಲೆ ಹಾಡುಗಳು, ಅರ್ಧ ಗಂಟೆ. ಮರುವರ್ಷ ಕಾಮಾಲೆಯಾಗಿ ಹೋಗಿಬಿಟ್ಟಳು. ಅಷ್ಟೊಂದು ಮದುಮಕ್ಕಳನ್ನು ಹಾಡಿ ಹಸೆಗೆ ಕರೆದವಳು ತಾನು ಹಸೆ ಏರಲಿಲ್ಲ. ಅವಳದೊಂದು ಒಳ್ಳೆಯ ಫೋಟೋ ಕೂಡ ನಮ್ಮಲ್ಲಿರಲಿಲ್ಲ.

ಆಗ ಆ ಕ್ಯಾಸೆಟ್ಟನ್ನು ತಿಪಟೂರಿಗೆ, ಖಲೀಲ್ ಸಾಬರ ರಿಪೇರಿ ಅಂಗಡಿಗೆ ಒಯ್ದೆವು. ಅವರು ಅದರ ಬೆನ್ನಿನ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿದು ಕೊಟ್ಟರು. "ಇನ್ನ ಇದರ ಮ್ಯಾಲೆ ಯಾರೂ ಬ್ಯಾರೆ ಹಾಡು ತುಂಬಕ್ಕಾಗಲ್ಲಮ್ಮ, ಕೆಂಪು ಬಟನ್ ಒತ್ತೋದೇ ಇಲ್ಲ. ಈ ತೂತಿಗೆ ಏನಾರ ತುರುಕಬ್ಯಾಡಿ ಮತ್ತೆ!" ಅಂತ ನಕ್ಕಿದ್ದರು. ತೂತು ಮುಚ್ಚಿದರೆ ಮತ್ತೆ ತುಂಬಿಸಬಹುದು ಅನ್ನುವ ದಾರಿ ನನಗೆ ತಿಳಿದದ್ದು ಹಾಗೆ.

ಶುಕ್ರವಾರ ಸಂಜೆ ದೀಪ ಹಚ್ಚಿದ ಮೇಲೆ ಅತ್ತೆ, "ಒಸಿ ಹಾಕೇ, ಕೇಳಾನ" ಅನ್ನುತ್ತಿದ್ದರು. ತಾವು ಬಟನ್ ಮುಟ್ಟುತ್ತಿರಲಿಲ್ಲ. "ನಾ ಮುಟ್ಟಿದ್ರೆ ಎಲ್ ಕೆಟ್ಟೋಯ್ತದೋ, ನೀನೇ ಹಾಕು" ಅನ್ನುತ್ತಿದ್ದರು. ಅಷ್ಟು ನಂಬಿಕೆ.

ನನಗೆ ಸಂಗೀತದ ಹುಚ್ಚು. ಕಲಿತವಳಲ್ಲ. ರೇಡಿಯೋದಲ್ಲಿ ಹೇಳುತ್ತಿದ್ದ ರಾಗದ ಹೆಸರುಗಳನ್ನು ಹಳೇ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಂಡು ಒಂದೊಂದಾಗಿ ಗುರುತು ಹಿಡಿದವಳು. ಕಣ್ಣೆದುರು ಯಾರಾದರೂ ಕೂತು ಹಾಡಿದ್ದನ್ನು ಅಲ್ಲಿಯವರೆಗೂ ಕಂಡಿರಲಿಲ್ಲ. ಸರೋಜ ಹೋಗಿ ಎರಡು ಮೂರು ವರ್ಷಕ್ಕೆ ತಿಪಟೂರಿನ ಕ್ಲಬ್ಬಿನಲ್ಲಿ — ಗಂಡಸರು ಇಸ್ಪೀಟು, ಟೆನಿಸ್ ಆಡುತ್ತಿದ್ದ ಕಡೆ — ಏಳು ಸಂಜೆ ಸಂಗೀತ ಕಚೇರಿ ಇಟ್ಟರು. ನಿಮ್ಮ ತಾತನ ಸ್ನೇಹಿತರಾದ ಒಬ್ಬ ಕೊಬ್ಬರಿ ವರ್ತಕರು ಎರಡು ಪಾಸು ಕೊಟ್ಟರು.

"ಪಾಸು ಅದೆ ಅಂತ ಏಳು ದಿನವೂ ಹೋಗ್ಬೇಕೇನೇ? ಹಾಲು ಕರೆಯೋರ್ ಯಾರು?" ಅಂದರು ನಿಮ್ಮ ತಾತ.

ಒಳಗಿನಿಂದ ಅತ್ತೆ ಬಂದು, "ಹೋಗ್ಬರ್ಲಿ ಬುಡೋ. ಬಂದಾಗ್ಲಿಂದ ಬಾಯಿಬಿಟ್ಟು ಒಂದ್ ಸೀರೆ ಕೇಳ್ದೋಳಲ್ಲ. ಹಸ ನಂಗೇನ್ ಒದೆಯಲ್ಲ, ನಾ ಕರ್ಕಂತೀನಿ" ಅಂದರು.

ನನ್ನನ್ನು ಕಳಿಸಿದವರು ಅತ್ತೆಯೇ. ಇದನ್ನು ನೀವು ಮರೆಯಬಾರದು.

ದಿನಾ ನಾಲ್ಕೂವರೆ ಬಸ್ಸು. ಚೀಲದಲ್ಲಿ ಟೇಪ್ ರೆಕಾರ್ಡರ್, ಮೇಲೊಂದು ಟವಲು. ನಿಮ್ಮ ತಾತನಿಗೆ ಸಂಗೀತ ಕಿವಿಗೇ ಹತ್ತುತ್ತಿರಲಿಲ್ಲ. ಜಗಲಿಯಲ್ಲಿ ಸ್ನೇಹಿತರ ಜೊತೆ ಕೊಬ್ಬರಿ ಧಾರಣೆ ಮಾತಾಡುತ್ತಾ ಕೂರುತ್ತಿದ್ದರು. ನಾನು ಹೆಂಗಸರ ಕಡೆ, ಗೋಡೆಗೆ ಒರಗಿಕೊಂಡು. ಮೊದಲ ದಿನ ವೀಣೆ. ತಂತಿ ಮೀಟುವ ಮುಂಚೆ ಬೆರಳು ಮೆಲ್ಲಗೆ ಉಜ್ಜುವ ಸದ್ದು ಕೇಳಿತು, ರೇಡಿಯೋದಲ್ಲಿ ಅದು ಎಂದೂ ಕೇಳಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಎರಡನೇ ದಿನ ಕೊಳಲು. ಮೂರನೇ ದಿನ ಹಾಡುವವರಿಗೆ ಕೆಮ್ಮು ಬಂದು ನಿಲ್ಲಿಸಿದಾಗ ಅವರ ಕೆಮ್ಮನ್ನೂ ತುಂಬಿಸಿಕೊಂಡೆ. ಬೆಳಿಗ್ಗೆ ಮುದ್ದೆ ತೊಳಸುವಾಗಲೂ ಕಿವಿಯಲ್ಲಿ ತಂಬೂರಿ. ಸಾರಿಗೆ ಉಪ್ಪು ಮರೆತೆ. ಅತ್ತೆ ನಕ್ಕರು, "ಇವತ್ತಿನ ಸಾರು ಯಾವ ರಾಗಾನೇ?" ಅಂದರು.

ಆರನೇ ದಿನಕ್ಕೆ ತಂದಿದ್ದ ಕ್ಯಾಸೆಟ್ಟುಗಳೆಲ್ಲ ತುಂಬಿದವು. ಏಳನೇ ದಿನ ಒಬ್ಬ ವಯಸ್ಸಾದ ಹೆಂಗಸು ಹಾಡುವವರಿದ್ದರು. ಅವರ ತೋಡಿ ರಾಗವನ್ನು ರೇಡಿಯೋದಲ್ಲಿ ಒಂದೇ ಸಲ ಕೇಳಿದ್ದೆ. ಇನ್ನೊಂದು ಕ್ಯಾಸೆಟ್ಟು ಬೇಕು ಅಂತ ಗಂಡನನ್ನು ಕೇಳಲು ನಾಚಿಕೆ. ಸರೋಜಳ ಕ್ಯಾಸೆಟ್ಟಿನ ಹಿಂಬದಿ ಖಾಲಿ ಇತ್ತು. ಹಿಂಬದಿ ತಾನೇ — ಅಂದುಕೊಂಡೆ. ಹಿತ್ತಲಲ್ಲಿದ್ದ ತೆಂಗಿನಕಾಯಿ ಸಿಪ್ಪೆಯಿಂದ ನಾರು ಕಿತ್ತು, ಉಂಡೆ ಮಾಡಿ, ಯಾವ ತೂತು ಯಾವ ಬದಿಯದೋ ತಿಳಿಯದೆ ಎರಡಕ್ಕೂ ತುರುಕಿದೆ. ಕೆಂಪು ಬಟನ್ ಒತ್ತಿತು.

ಆ ಸಂಜೆ ಬಸ್ಸು ತಡ. ಕ್ಲಬ್ಬಿಗೆ ಹೋಗುವಷ್ಟರಲ್ಲಿ ಆ ತಾಯಿ ಆಲಾಪನೆ ಶುರು ಮಾಡಿಬಿಟ್ಟಿದ್ದರು. ಗಡಿಬಿಡಿಯಲ್ಲಿ ಕ್ಯಾಸೆಟ್ಟು ಹಾಕಿದೆ, ಬದಿ ತಪ್ಪಿತು — ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದದ್ದು ಇದು. ನಿಜ ಬೇರೆ. ಮುಚ್ಚಳ ಮುಚ್ಚಿದ ಮೇಲೆ ಗಾಜಿನೊಳಗೆ ನೀಲಿ ಶಾಯಿಯ ಅಕ್ಷರ ಕಂಡಿತು. 'ಸರೋಜ'. ನನ್ನದೇ ಬರಹ. ತಿರುಗಿಸಿ ಹಾಕಲು ಎಷ್ಟು ಹೊತ್ತು ಬೇಕು? ಆದರೆ ಆ ತಾಯಿ ಆಗ ಮೇಲಿನ ಸ್ವರವೊಂದರ ಮೇಲೆ ನಿಂತಿದ್ದರು — ಇಳಿಯುತ್ತಲೇ ಇರಲಿಲ್ಲ — ಅದು ತಪ್ಪಿಹೋಗುತ್ತದೆ ಅಂತ —

ಒತ್ತಿದೆ. ನೋಡಿಯೇ ಒತ್ತಿದೆ.

ಮಾರನೆಯ ದಿನ, ಬಸ್ಸಿನ ಕುಲುಕಾಟಕ್ಕೆ ದನಿ ಎಳೆಯುತ್ತಿದೆ ಅಂತ ನೆವ ಹೇಳಿ ಟೇಪ್ ರೆಕಾರ್ಡರನ್ನು ನಿಮ್ಮ ತಾತನ ಕೈಲಿ ಖಲೀಲ್ ಸಾಬರ ಅಂಗಡಿಗೆ ಕಳಿಸಿದೆ. ಕ್ಯಾಸೆಟ್ಟನ್ನು ಬೇಕೆಂದೇ ಒಳಗೆ ಬಿಟ್ಟೆ. ಗುರುವಾರ ವಾಪಸು ಬಂತು. ಶುಕ್ರವಾರ ದೀಪ ಹಚ್ಚಿ ಅತ್ತೆ ಕೂತರು. ಹಾಕಿದೆ. "ಅತ್ತಿಗೆ, ಶುರು ಮಾಡ್ಲಾ?" — ಕ್ಯಾಸೆಟ್ಟು ತುಸು ಮುಂದಕ್ಕೆ ಸುತ್ತಿಕೊಂಡಿತ್ತೇನೋ, ಅಷ್ಟು ಮಾತ್ರ ಉಳಿದಿತ್ತು. ಆಮೇಲೆ ತೋಡಿ.

"ಯಾರೇ ಇವ್ಳು? ನಮ್ಮ ಸರೋಜ ಎಲ್ಲೇ?"

"ರಿಪೇರಿ ಅಂಗ್ಡೀಲಿ ಏನೋ ಮಾಡ್ಬುಟ್ಟವ್ರೆ ಅತ್ತೆ" ಅಂದೆ.

ನಾನು ಆಡಿದ ಮಾತು ಅಷ್ಟೇ.

ಅತ್ತೆ ತಿಪಟೂರಿಗೆ ಹೋಗಿ ವರ್ಷಗಳಾಗಿದ್ದವು. ಮಾರನೆಯ ಬೆಳಿಗ್ಗೆ ಸೆರಗಲ್ಲಿ ಕ್ಯಾಸೆಟ್ಟು ಕಟ್ಟಿಕೊಂಡು ನನ್ನನ್ನು ಎಳೆದುಕೊಂಡು ಹೊರಟರು. ಅಂಗಡಿಯ ಮೆಟ್ಟಿಲ ಮೇಲೆ ಕೂತು, "ನನ್ ಮಗಳ ದನಿ ಎಲ್ಲಪ್ಪಾ ಮಡಗಿದೀಯಾ? ತಂದ್ಕೊಡಪ್ಪಾ" ಅಂದರು.

ಖಲೀಲ್ ಸಾಬರಿಗೆ ಅರ್ಥವಾಗಲಿಲ್ಲ. ಕ್ಯಾಸೆಟ್ಟು ತೆಗೆದುಕೊಂಡು ತಿರುಗಿಸಿದರು. ನಾರು. ತೆಗೆಯುವುದನ್ನು ನಾನು ಮರೆತಿದ್ದೆ. ಚಿಮಟದಿಂದ ಎರಡೂ ಉಂಡೆ ಕಿತ್ತು ಗಾಜಿನ ಮೇಜಿನ ಮೇಲಿಟ್ಟು, ತಲೆಯೆತ್ತಿ ನನ್ನನ್ನು ನೋಡಿದರು. ನಾನು ಅತ್ತೆಯ ಹಿಂದೆ ಸರಿದೆ. ಸಾಬರು ಒಂದು ಮಾತು ಆಡಿದ್ದರೆ ಸಾಕಿತ್ತು. ಅವರು ನಾರನ್ನು ಅಂಗೈಯಿಂದ ಕೆಳಕ್ಕೆ ಸರಿಸಿಬಿಟ್ಟರು.

"ತಪ್ಪಾಗೋಯ್ತಮ್ಮ. ನಮ್ಮಿಂದ್ಲೇ ಆಗಿರೋದು. ಮಾಫ್ ಮಾಡ್ಬುಡಿ."

"ನಿನ್ ಮಗಳಾಗಿದ್ರೆ ಹಿಂಗ್ ಮಾಡ್ತಿದ್ದೇನಪ್ಪಾ?" ಅಂದರು ಅತ್ತೆ. ಸಾಬರು ತಲೆ ತಗ್ಗಿಸಿ ನಿಂತರು. ನನ್ನ ಬದಲಿಗೆ.

ಆಮೇಲೆ ನಿಮ್ಮ ತಾತ ಆ ಅಂಗಡಿ ಮೆಟ್ಟಿಲು ಹತ್ತಲಿಲ್ಲ, ಊರಿನವರಿಗೂ ಹೋಗಬೇಡಿ ಅಂದರು. ಅತ್ತೆ ಇನ್ನು ನಾಲ್ಕು ವರ್ಷ ಇದ್ದರು. ಶುಕ್ರವಾರ ದೀಪ ಹಚ್ಚಿ ಸುಮ್ಮನೆ ಕೂರುತ್ತಿದ್ದರು. ಒಂದು ದಿನ, "ಹಸೆಗೆ ಕರೆಯೋದ್ನ ಅವ್ಳು ಹೆಂಗಂತಿದ್ಲೇ? ನೀನಾರ ಅಂದ್ ತೋರ್ಸು" ಅಂದರು. ಬಾಯಿ ತೆರೆದೆ. ನೂರಾರು ಸಲ ಕೇಳಿದ ಹಾಡು, ಮೊದಲ ಸಾಲಿನ ಆಚೆಗೆ ಬರಲಿಲ್ಲ. ಆ ತೋಡಿ ಮಾತ್ರ ಸ್ವರಸ್ವರವಾಗಿ ನೆನಪಿತ್ತು. ಇವತ್ತಿಗೂ ಇದೆ.

ನಿಮ್ಮ ತಾತ ತೀರಿಕೊಂಡ ಮೇಲೆ ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಖಲೀಲ್ ಸಾಬರು ಎದುರಾದರು. "ಈಗ್ಲೂ ಸಂಗೀತ ಕೇಳ್ತೀರಾಮ್ಮ?" ಅಂತ ಕೇಳಿದರು. ದನಿಯಲ್ಲಿ ಕೊಂಕಿರಲಿಲ್ಲ. ನಾನು ಬಸ್ಸು ಹತ್ತಿಬಿಟ್ಟೆ.

ಈಗ ಅವರ ಕೂದಲು ಪೂರಾ ಬೆಳ್ಳಗಾಗಿದೆ. ಮಗನ ಮೊಬೈಲ್ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಅತ್ತೆಗೆ ಹೇಳಲು ಇನ್ನು ಆಗುವುದಿಲ್ಲ. ಸಾಬರಿಗೆ ಆಗುತ್ತದೆ. ಬರುವ ಸೋಮವಾರ ಹೋಗುತ್ತೇನೆ. ನೀವು ಅವತ್ತು ನಕ್ಕವರೆಲ್ಲ ಜೊತೆಗೆ ಬನ್ನಿ. ಕಾವ್ಯ, ಈ ಹಾಳೆಗಳು ನಿನ್ನ ಕೈಯಲ್ಲಿರಲಿ. ಅವರ ಮುಂದೆ ನಿಂತಾಗ ನನ್ನ ದನಿ ಏಳದಿದ್ದರೆ ನೀನು ಓದು — ಮೊದಲ ಸಾಲಿನಿಂದ, ಅವರ ಮಗನಿಗೂ ಕೇಳುವ ಹಾಗೆ.